ಗಿರಿಗಿಟ್ಲೆ ಮತ್ತು ನಿಂತಲ್ಲಿ ನಿಲ್ಲದ ಒಲೆಗಳು

ಅವಳಿಗೆ ಗಿರಿಗಿಟ್ಲೆ ಎಂದು ಹೆಸರಿಟ್ಟವರು ಅತ್ತೆ. ಮದುವೆಯಾಗಿ ಬಂದ ವಾರದಲ್ಲೇ ಮಂಚವನ್ನು ಕಿಟಕಿಯ ಕೆಳಗೆಳೆದು, ಮಾರನೆಯ ದಿನ ಬಾಗಿಲ ಪಕ್ಕಕ್ಕೆ ತಳ್ಳಿ, ಮತ್ತೆ ಕಿಟಕಿಯ ಕೆಳಗೇ ತಂದಿಟ್ಟ ಸೊಸೆಗೆ ಬೇರೆ ಹೆಸರು ಅವರಿಗೆ ತೋಚಲಿಲ್ಲ. ಗಂಡ ಗಡಿಯಾರ ರಿಪೇರಿಯವನು. ಬೆಳಿಗ್ಗೆ ಅಂಗಡಿಯ ಸ್ಟೂಲಿನ ಮೇಲೆ ಕೂತರೆ ಸಂಜೆ ಬಾಗಿಲು ಹಾಕುವಾಗಲೇ ಏಳುವ ಆಸಾಮಿ. ಇವಳೋ ಬೇಕರಿ, ಆಸ್ಪತ್ರೆ, ಛಾಪಖಾನೆ ಎಂದು ಎಲ್ಲ ಕಡೆ ಕೆಲಸ ಮಾಡಿ ಬಿಟ್ಟವಳು. ಯಾರೂ ತೆಗೆದುಹಾಕಿದ್ದಲ್ಲ, ಅವಳಿಗೇ ಕೂತಲ್ಲಿ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಬಂದರಿನ ಹಿಂದಿನ ಪಾಳುಜಾಗದಲ್ಲಿ ಉತ್ಖನನ ಶುರುವಾದಾಗ ಅಲ್ಲಿಗೂ ಹೋದಳು. ಇನ್ನೂರು ವರ್ಷಗಳ ಹಿಂದೆ ಹಡಗಿನಲ್ಲಿ ಬಂದಿಳಿದ ಪರದೇಶದವರು ಮೊದಲು ಮನೆ ಕಟ್ಟಿಕೊಂಡ ಬೀದಿ ಅದು. ಈಗ ಮೊಣಕಾಲೆತ್ತರದ ಗೋಡೆಗಳಷ್ಟೇ ಉಳಿದಿದ್ದವು. ಕೆಲಸದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು.

"ಇಲ್ಲಿ ಅಗೆಯೋದಲ್ಲ, ಕೆರೆಯೋದು. ಒಂದೊಂದೇ ಪದರ," ಎಂದು ಮೇಡಂ ಅವಳ ಕೈಗೆ ಕರಣೆ ಕೊಟ್ಟರು.

ಅವಳಿಗೆ ಸಿಕ್ಕಿದ್ದು ಬೀದಿಯ ಕೊನೆಯ ಮನೆ, ಅದರ ಒಂದೇ ಕೋಣೆ. ನೀಲಿ ಬಳ್ಳಿಯ ಪಿಂಗಾಣಿ ಚೂರು, ಮುರಿದ ಚಿಲುಮೆ ಎಲ್ಲ ಮನೆಗಳಲ್ಲೂ ಸಿಗುತ್ತಿದ್ದವು. ಇಲ್ಲಿ ಮಾತ್ರ ವಿಚಿತ್ರವೆಂದರೆ ಒಲೆ. ಒಂದು ಗೋಡೆಗೆ ಒಂದು ಒಲೆ, ಎದುರು ಗೋಡೆಗೆ ಇನ್ನೊಂದು, ಮೂಲೆಯಲ್ಲಿ ಮತ್ತೊಂದು. ಯಾವುದರಲ್ಲೂ ಬೂದಿ ದಪ್ಪಗೆ ಕೂತಿರಲಿಲ್ಲ, ಬಹಳ ದಿನ ಉರಿಸಿದಂತಿರಲಿಲ್ಲ.

"ಮೂರನೇದನ್ನ ಮುಟ್ಟಬೇಡ. ಮಧ್ಯಾಹ್ನ ನಕ್ಷೆ ಬರೆಯೋರು ಬರ್ತಾರೆ," ಎಂದು ಹೇಳಿ ಮೇಡಂ ಅತ್ತ ಹೋದರು.

ಗಿರಿಗಿಟ್ಲೆ ಕಾದಳು. ಎದ್ದಳು, ಕೂತಳು, ನೀರು ಕುಡಿದಳು. ಮೂಲೆಯ ಆ ಒಲೆಯ ಇಟ್ಟಿಗೆಯ ಕೆಳಗೆ ಏನಿದೆಯೋ ಎಂದು ಕೈ ತುರಿಸತೊಡಗಿತು. ಸುಮ್ಮನೆ ತುದಿಯನ್ನಷ್ಟೇ ನೋಡೋಣವೆಂದು ಕರಣೆ ತೂರಿಸಿ ಮೀಟಿದಳು. ಒಲೆಯ ಅರ್ಧ ಅಂಚು ಕುಸಿದು ಕಾಲ ಬಳಿ ಬಿತ್ತು.

ಸದ್ದು ಕೇಳಿ ಬಂದ ಮೇಡಂ ಕೂಗಾಡಲಿಲ್ಲ. ಕರಣೆ ಇಸಿದುಕೊಂಡು, "ಮನೆಗೆ ಹೋಗು," ಎಂದರಷ್ಟೇ. ಅದೇ ಹೆಚ್ಚು ಚುಚ್ಚಿತು.

ಮನೆಗೆ ಬಂದವಳು ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಸ್ಟವ್ ಇಡುವ ಮೇಜನ್ನು ಇನ್ನೊಂದು ಗೋಡೆಗೆ ಎಳೆಯತೊಡಗಿದಳು.

"ಮತ್ತೆ ಶುರುವಾಯ್ತಾ?" ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮೊನ್ನೆ ತಾನೇ ನೀನೇ ಇಲ್ಲಿಗೆ ತಂದಿದ್ದೆ!"

"ಒಂದು ತಪ್ಪು ಮಾಡಿಬಿಟ್ಟೆ ಅತ್ತೆ."

"ಹಾಗಾದ್ರೆ ಹೋಗಿ ಒಪ್ಪಿಕೋ. ನನ್ನ ಅಡುಗೆಮನೆ ಯಾಕೆ ಕೆಡಿಸ್ತೀಯ?"

ಬೆಳಗಾಗುತ್ತಲೇ ಅವಳು ಹೋದಳು. ಮೇಡಂ ಕುಸಿದ ಅಂಚಿನ ಮುಂದೆ ಮಂಡಿಯೂರಿ ಕೂತಿದ್ದರು.

"ತಪ್ಪಾಯ್ತು ಮೇಡಂ. ಬೇಕಾದ್ರೆ ಚೂರು ತೊಳೆಯೋ ಕೆಲಸಕ್ಕೆ ಹಾಕಿ."

"ಬಾ ಇಲ್ಲಿ, ನೋಡು." ಮುರಿದ ಜಾಗದ ಕೆಳಗೆ ಸುಟ್ಟ ಕೆಂಪು ಮಣ್ಣಿನ ಗೆರೆ ಕಾಣುತ್ತಿತ್ತು. ಅಲ್ಲೂ ಒಂದು ಒಲೆ, ಇನ್ನೂ ಹಳೆಯದು.

ಅವಳ ಮುಖ ಅರಳಿತು. ಮೇಡಂ ತಕ್ಷಣ ಗದರಿದರು: "ಹಿಗ್ಗಬೇಡ. ನಿಧಾನವಾಗಿ ಹೋಗಿದ್ರೂ ಇದು ಸಿಗ್ತಿತ್ತು, ಮೇಲಿನದು ಉಳೀತಿತ್ತು."

"ಯಾಕೆ ಮೇಡಂ ಇಷ್ಟು ಸಲ ಒಲೆ ಬದಲಾಯಿಸಿದ್ರು?"

"ಹೊಗೆ ಇರಬಹುದು. ಗಾಳಿ, ಸೋರೋ ಸೂರು... ಗೊತ್ತಿಲ್ಲ."

"ಆ ಮನೆಯವಳಿಗೆ ಇಲ್ಲಿ ನೆಲೆ ನಿಲ್ಲಕ್ಕೇ ಆಗಲಿಲ್ಲವೇನೋ. ಹಡಗು ಇಳಿದು ಬಂದವಳು. ಯಾವ ಗೋಡೆಗೆ ಒಲೆ ಹಾಕಿದರೂ ತನ್ನ ಮನೆ ಅನ್ನಿಸಿರಲಿಕ್ಕಿಲ್ಲ."

ಮೇಡಂ ಒಂದು ಗಳಿಗೆ ಅವಳನ್ನೇ ನೋಡಿದರು. "ಇರಬಹುದು. ಆದರೆ ಮಣ್ಣಲ್ಲಿ ಅದು ಸಿಗಲ್ಲ, ನಾನು ಬರೆಯೋ ಹಾಗಿಲ್ಲ." ಆಮೇಲೆ ಕರಣೆಯ ಬದಲು ಸಣ್ಣ ಬ್ರಷ್ ಕೊಟ್ಟರು. "ದಿನಕ್ಕೆ ಒಂದು ಗೇಣು. ಅದಕ್ಕಿಂತ ಹೆಚ್ಚು ಬೇಡ."

ಅವಳ ಬದುಕಿನಲ್ಲೇ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ. ಕಾಲು ಜೋಮು ಹಿಡಿಯುತ್ತಿತ್ತು, ಬೆನ್ನಲ್ಲಿ ಇರುವೆ ಹರಿದಂತಾಗುತ್ತಿತ್ತು. ಮನಸ್ಸು ನಾಳೆಯ ಗೇಣಿಗೆ ಇವತ್ತೇ ಓಡುತ್ತಿತ್ತು. ಹಲ್ಲು ಕಚ್ಚಿ ಕೂತಳು. ಬೇಸಿಗೆ ಮುಗಿಯುವಷ್ಟರಲ್ಲಿ ಹಳೆಯ ಒಲೆ ಪೂರ್ತಿ ಹೊರಬಂತು, ಒಂದು ಇಟ್ಟಿಗೆಯೂ ಮುಕ್ಕಾಗಲಿಲ್ಲ. ನಕ್ಷೆ, ಫೋಟೋ ಆದ ಮೇಲೆ ಮಳೆಗೆ ಹಾಳಾಗದಿರಲೆಂದು ಕೋಣೆಗೆ ಮರಳು ತುಂಬಿ ಮುಚ್ಚಿದರು. ಅವಳು ನಿಂತು ನೋಡಲಾರದೆ ಆ ಬೀದಿಯುದ್ದಕ್ಕೂ ಓಡಾಡಿದಳು.

ಮುಂದಿನ ಅಗೆತ ದೂರದ ಗುಡ್ಡದ ಮೇಲೆ. ಅದೇ ಪರದೇಶದವರು ಅಲ್ಲಿ ತೋಟ ಮಾಡಿದ್ದರಂತೆ. ಮೇಡಂ ಕರೆದರು.

"ಹೋಗು," ಎಂದ ಗಂಡ, ಕಣ್ಣಿನ ಭೂತಗನ್ನಡಿ ತೆಗೆಯದೆ. "ಅಮ್ಮನಿಗೂ ಸ್ವಲ್ಪ ದಿನ ಮೇಜು ಒಂದು ಕಡೆ ಇದ್ರೆ ಸಾಕಾಗಿದೆ."

"ನಿಮಗೆ?"

ಅವನು ಕೈಯಲ್ಲಿದ್ದ ಗಡಿಯಾರ ಕೆಳಗಿಟ್ಟ. "ಬೇಗ ಬಾ."

ವ್ಯಾನಿನಲ್ಲಿ ಮೇಡಂ ಅವಳಿಗೆಂದು ಕಿಟಕಿಯ ಸೀಟು ಇಟ್ಟಿದ್ದರು. ಅವಳು ತನ್ನ ಚೀಲವನ್ನು ಅಲ್ಲಿ ಕೂರಿಸಿ, ಡ್ರೈವರ್ ಹಿಂದಿನ ಕಂಬಿ ಹಿಡಿದು, ದಾರಿಯುದ್ದಕ್ಕೂ ನಿಂತೇ ಹೋದಳು.