ಭಾರದ ಗುಂಡಿನ ಪಿಟಿ ಮೇಡಂ

ಮಧುಗಿರಿಯ ಹೊರಗೆ ನಾನು ನೋಡಿಕೊಳ್ಳುತ್ತಿದ್ದ ರೈಫಲ್ ಕ್ಲಬ್ಬಿಗೆ ಹೊಳವನಹಳ್ಳಿ ಕಡೆಯಿಂದ ಒಬ್ಬರು ಪಿಟಿ ಮೇಡಂ ಬರುತ್ತಿದ್ದರು. ಕಣ್ಣು ಹದ್ದಿನದು, ಹಟ ಅದಕ್ಕಿಂತ ಒಂದು ಕೈ ಮೇಲು. ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ಗುಂಡುಗಳನ್ನು ಅಂಗೈಯಲ್ಲಿ ತೂಗಿ ನೋಡಿ, ಎಲ್ಲಕ್ಕಿಂತ ಉದ್ದವಾದ, ಭಾರದ ಗುಂಡನ್ನೇ ಎತ್ತಿಕೊಳ್ಳುತ್ತಿದ್ದರು. "ತೂಕ ಇರ್ಬೇಕು ಕಣಣ್ಣ. ಆಗ್ಲೇ ಗಾಳಿಗೆ ಬಗ್ಗಲ್ಲ."

ಜಿಲ್ಲಾ ತಂಡದ ಆಯ್ಕೆಯ ದಿನ ಅವರ ಗುಂಡುಗಳು ಗುರಿಯ ಕಾಗದವನ್ನು ಅಡ್ಡಡ್ಡ ಸೀಳಿದವು. ದುಂಡಗಿನ ತೂತು ಒಂದೂ ಇರಲಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹಿಡಿಯುವ ಮೇಡಂ ಅವರೇ ತಂಡದಿಂದ ಹೊರಗುಳಿದರು.

"ಗಾಳಿ ಕಣಣ್ಣ," ಅಂದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ.

ನೂರನೇ ಸಲ ಹೇಳಿದೆ: ಬಂದೂಕಿನ ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತಿರುಪು ಗುಂಡನ್ನು ಬುಗುರಿಯಂತೆ ತಿರುಗಿಸುತ್ತದೆ. ಗುಂಡು ಉದ್ದವಾದಷ್ಟೂ ಜೋರಾಗಿ ತಿರುಗಬೇಕು. ನಿಮ್ಮ ನಳಿಗೆಯಲ್ಲಿ ಹದಿನಾರು ಇಂಚಿಗೆ ಒಂದೇ ಸುತ್ತು. ಈ ಗುಂಡಿಗೆ ಆ ತಿರುಪು ಸಾಲದು, ಗುಂಡು ಓಲಾಡಿ ಮಗುಚಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಹಗುರದ್ದು ಹಾಕಿ.

ತಲೆಯಾಡಿಸಿ ಹೋದರು. ಗೆದ್ದೆ ಅಂದುಕೊಂಡೆ.

ಕೆಲವು ತಿಂಗಳ ಮೇಲೆ ಬಂದು ಅದೇ ಭಾರದ ಗುಂಡು ತುಂಬಿ ಹೊಡೆದರು. ತೂತುಗಳೆಲ್ಲ ದುಂಡಗೆ, ಒಂದರ ಮೇಲೊಂದು. ಒಂಬತ್ತು ಇಂಚಿಗೇ ಒಂದು ಸುತ್ತು ತಿರುಗಿಸುವ ಹೊಸ ನಳಿಗೆಯನ್ನು ಹಾಕಿಸಿಕೊಂಡು ಬಂದಿದ್ದರು.

"ನೀವು ಹೇಳ್ದಂಗೇ ಮಾಡ್ದೆ ಕಣಣ್ಣ."

"ನಾನು ಗುಂಡು ಬದಲಾಯ್ಸಿ ಅಂದಿದ್ದು, ಮೇಡಂ."

"ಹೌದಾ? ನಂಗೆ ತಿರುಪು ಸಾಲ್ದು ಅಂದಂಗೆ ಕೇಳಿಸ್ತು," ಎಂದು ದುಂಡು ತೂತಿನ ಆ ಗುರಿಯ ಕಾಗದವನ್ನು ಮಡಿಸಿ ನನ್ನ ಜೇಬಿಗಿಟ್ಟರು.