ಪ್ಯಾಟೆ ಬೀದೀಲಿ ಕಿಚ್ಚು

ಎಪ್ಪತ್ತರ ದಶಕ. ಕಂದಿಕೆರೆ ಕಡೆಯಿಂದ ಮದುವೆಯಾಗಿ ತಿಪಟೂರಿಗೆ ಬಂದ ನನಗೆ ಅದು ಮೊದಲನೇ ಸಂಕ್ರಾಂತಿ. ಎಳ್ಳು ಬೀರಿ, ಅವರೆಕಾಯಿ ಗೆಣಸು ಬೇಯಿಸಿ, ಸಿಹಿ ಹುಗ್ಗಿ ಮಾಡಿಟ್ಟು ಕಾದರೆ, ಸಂಜೆಯಾದರೂ ಕಿಚ್ಚಿನ ಸುದ್ದೀನೇ ಇಲ್ಲ! ನಮ್ಮೂರಲ್ಲಿ ದನ ಕಿಚ್ಚು ಹಾಯದೆ ಯಾರೂ ಹುಗ್ಗಿ ಮುಟ್ಟುತ್ತಿರಲಿಲ್ಲ.

"ಕೊಬ್ಬರಿ ವ್ಯಾಪಾರದೋರ ಮನೇಲಿ ದನ ಎಲ್ಲಿಂದ ತರ್ಲಿ? ಸುಮ್ನೆ ಬಡ್ಸವ್ವ," ಅಂದರು ಮಾವ. ಹೊಲ, ಎತ್ತು ಮಾರಿ ಕೊಬ್ಬರಿ ಮಂಡಿ ಇಟ್ಟವರು. ನನಗೆ ರೇಗಿಹೋಯಿತು. "ಹಂಗಾದ್ರೆ ಇದು ಹಬ್ಬಾನೇ ಅಲ್ಲ ಬುಡಿ," ಅಂದು ಹುಗ್ಗಿ ಪಾತ್ರೆ ಮುಚ್ಚಿಟ್ಟೆ. ಹೊಸ ಸೊಸೆಗೆ ಎಂಥ ಬಾಯಿ ಅನ್ನಿ! ಆದರೆ ಮೊದಲ ವರ್ಷವೇ ಬಿಟ್ಟುಕೊಟ್ಟರೆ ನನ್ನ ತವರಿನ ಹಬ್ಬ ಈ ಮನೆಯಲ್ಲಿ ಮುಗಿದೇ ಹೋಯಿತು ಅನ್ನಿಸಿತ್ತು.

ದಬ್ಬೇಘಟ್ಟದಿಂದ ಹಿಂದಿನ ದಿನ ಕೊಬ್ಬರಿ ತಂದ ಗಾಡಿಯವನು, ಅಚ್ಚು ಮುರಿದು, ಹಬ್ಬಕ್ಕೆ ಊರು ಸೇರಲಾಗದೆ ನಮ್ಮ ಬಾಗಿಲ ಮುಂದೆ ಸಪ್ಪಗೆ ಕೂತಿದ್ದ. ಆದರೂ ಎತ್ತುಗಳ ಮೈ ತೊಳೆದು ಅರಿಶಿನ ಹಚ್ಚಿದ್ದ ಪುಣ್ಯಾತ್ಮ. "ಅಣ್ಣಾ, ಇಲ್ಲೇ ಹಾಯ್ಸಾನಾ?" ಅಂದೆ. "ಪ್ಯಾಟೆ ಬೀದೀಲೇನವ್ವಾ!" ಎಂದು ನಕ್ಕು ಎದ್ದು ನಿಂತ.

ಆತುರದಲ್ಲಿ ನಾನು ಬಚ್ಚಲ ಒಲೆಗೆ ಕೂಡಿಟ್ಟಿದ್ದ ತೆಂಗಿನ ಚಿಪ್ಪನ್ನು ಬುಟ್ಟಿಗಟ್ಟಲೆ ಸುರಿದು ಬೆಂಕಿ ಇಟ್ಟೆ. ಹುಲ್ಲಿನ ಉರಿ ಭುಗ್ ಅಂದು ಇಳಿಯುತ್ತದೆ, ಚಿಪ್ಪಿನದು ಇಳಿಯುತ್ತದೆಯೇ? ಎತ್ತುಗಳು ಬೆದರಿ ಹಿಂದಕ್ಕೆ ಜಗ್ಗಿದವು. ಬೀದಿಯವರೆಲ್ಲ ಸೇರಿದರು. "ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇದು ಎತ್ತು ಹಾಯೋ ಕಿಚ್ಚೇನೇ? ಊರಿಗೆಲ್ಲ ನೀರು ಕಾಯ್ಸೋ ಒಲೆ ಕಣೇ!" ಎಂದು ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅಳುವೇ ಬಂತು.

ಆಗ ಮಾವ ಪಂಚೆ ಎತ್ತಿಕಟ್ಟಿ ಬೀದಿಗಿಳಿದರು. ಗಾಡಿಯೊಳಗಿನ ಹುಲ್ಲು ಎಳೆದು ಆಚೆಗೆ ಬೇರೆ ಸಾಲು ಹಾಸಿ, ಕಡ್ಡಿ ಗೀರಿ, ಹಗ್ಗ ತಾವೇ ಹಿಡಿದು, "ಹೋಯ್, ಹೋಯ್" ಎಂದು ಎತ್ತುಗಳ ಜೊತೆ ತಾವೂ ಉರಿ ದಾಟಿಬಿಟ್ಟರು! ಶಿಳ್ಳೆಯೋ ಶಿಳ್ಳೆ. ಪಂಚೆಯ ಅಂಚು ಸುಟ್ಟಿದ್ದೂ ಅವರಿಗೆ ಗೊತ್ತಾಗಲಿಲ್ಲ.

ನಾನು ಓಡಿಹೋಗಿ ಹುಗ್ಗಿ ತಂದೆ. ಮಾವ ಮೊದಲ ತುತ್ತು ಎತ್ತಿಗೆ ತಿನ್ನಿಸಿದರು. ಅದರ ಕತ್ತಿನ ಮೇಲಿಟ್ಟ ಕೈ ತೆಗೆಯಲೇ ಇಲ್ಲ. "ನಮ್ಮವನ್ನ ಮಾರಿದ ಮ್ಯಾಲೆ ಎತ್ತು ಮುಟ್ಟೇ ಇರ್ಲಿಲ್ಲ ಕಣವ್ವ," ಅಂದರು, ನನಗೆ ಮಾತ್ರ ಕೇಳುವ ಹಾಗೆ. ನನ್ನ ಸಿಟ್ಟೆಲ್ಲ ಇಳಿದು ಆ ಮನುಷ್ಯನ ಮೇಲೆ ಅಕ್ಕರೆ ಉಕ್ಕಿಬಂತು.

ಊಟಕ್ಕೆ ಗಾಡಿಯವನನ್ನೂ ಪಕ್ಕದಲ್ಲೇ ಕೂರಿಸಿಕೊಂಡರು. ಮಾಲು ತರದವರ ಜೊತೆ ಎರಡು ಮಾತೂ ಆಡದ ವ್ಯಾಪಾರಸ್ಥರು ಅವರು. ಎಲೆ ಮುಂದೆ ಕೂತು ಅವನಿಗೆ ಹೇಳಿದರು: "ಕೊಬ್ಬರಿ ಇಲ್ದಿದ್ರೂ ಆಗಾಗ ಎತ್ತು ಹೊಡ್ಕಂಡು ಬತ್ತಾ ಇರು ಕಣ್ಲಾ."