ಕುಸುಮಕ್ಕನ ಒಡೆದ ಆಂಡ್ರಾಯ್ಡ್

ಬಿಜೂರಿನ ಕುಸುಮಾವತಿ, ಊರಿಗೆಲ್ಲ ಕುಸುಮಕ್ಕ, ನನ್ನ ನೆರೆಮನೆಯವರು. ಅವರ ಅಣ್ಣ ರಾಜೀವಣ್ಣನ ಹೋಟೆಲು ಮುಂಬೈಯಲ್ಲಿದೆ. ಕುಟುಂಬದ ಬೈಲುಗದ್ದೆಯನ್ನು ಇಪ್ಪತ್ತೆರಡು ವರ್ಷಗಳಿಂದ ಸಾಗುವಳಿ ಮಾಡಿಕೊಂಡು ಬಂದವರು ಕುಸುಮಕ್ಕ. ಈ ಕಥೆಯಲ್ಲಿ ನಾನು ಯಾರ ಪಕ್ಷವೂ ಅಲ್ಲ ಎಂದು ಹೇಳಲಾರೆ. ಪೂರ್ತಿ ಕುಸುಮಕ್ಕನ ಪಕ್ಷ.

ಅವರದು ಆಂಡ್ರಾಯ್ಡ್ ಫೋನು. ಗಾಜು ಒಡೆದು ಎರಡು ಮಳೆಗಾಲ ಕಳೆದಿದೆ. ಉಪ್ಪುಂದದಲ್ಲಿ ಮದುವೆ ಊಟಕ್ಕೆ ಕೂತು ಬಿಜೂರಿನ ಪಂಪು ಚಾಲೂ ಮಾಡುತ್ತಾರೆ. ಆ ಪಂಪಿನ ಆ್ಯಪ್ ಆಂಡ್ರಾಯ್ಡಿಗೆ ಮಾತ್ರ ಇರುವುದು. ಮುಂಬೈ ಕಡೆಯವರೆಲ್ಲ ಐಫೋನು. ಅಣ್ಣನ ಮಗ ಅಜಿತ್ ಊರಿಗೆ ಬಂದಾಗಲೆಲ್ಲ ಅತ್ತೆಯ ಫೋನನ್ನು ಎರಡೇ ಬೆರಳಲ್ಲಿ ಎತ್ತಿ ನೋಡುತ್ತಿದ್ದ. ಅದೊಂದು ತಮಾಷೆಯ ಜಗಳವಾಗಿತ್ತು.

ಕಳೆದ ಡಿಸೆಂಬರಿನಲ್ಲಿ ತಮಾಷೆ ಮುಗಿಯಿತು. ಭತ್ತದ ಕೊಯ್ಲಾಗಿ, ನೆಲಗಡಲೆ ಬಿತ್ತಲು ಕುಸುಮಕ್ಕ ಗದ್ದೆ ಉಳಿಸಿಟ್ಟಿದ್ದರು. ಒಂದು ಬೆಳಿಗ್ಗೆ ಕೆಂಪುಮಣ್ಣು ಹೊತ್ತ ಲಾರಿಯೊಂದು ಬಂದು ಗದ್ದೆಯಂಚಿನಲ್ಲಿ ನಿಂತಿತು.

"ಅಜಿತಣ್ಣ ಲೊಕೇಶನ್ ಕಳ್ಸಿರ್, ಗದ್ದಿ ತುಂಬ್ಸುಕೆ," ಎಂದ ಡ್ರೈವರ್ ಕುಷ್ಟ. "ಮದುವಿ ಹಾಲ್ ಆತ್ತಂಬ್ರಲೆ."

"ಗದ್ದಿ ಮಾಡೂದ್ ನಾನ್. ನಂಗ್ ಯಾರೂ ಹೇಳ್ಲಿಲ್ಲ. ಲಾರಿ ತಿರ್ಗ್ಸ್."

ತಿರುಗಿಸಿದ. ಕುಸುಮಕ್ಕನ ಆ ಮುಖ ನೋಡಿ ತಿರುಗಿಸದೆ ಇರಲು ಯಾರಿಗೂ ಧೈರ್ಯವಿಲ್ಲ.

ಮೂರನೆಯ ದಿನ ಅಜಿತ್ ಬಂದ, ಕೈಯಲ್ಲಿ ಹೊಸ ಐಫೋನಿನ ಪೆಟ್ಟಿಗೆ. ಬೆಲ್ಲ ನೀರು ಕುಡಿಯುವ ನೆಪದಲ್ಲಿ ನಾನೂ ಜಗಲಿಯಲ್ಲಿದ್ದೆ. ಗದ್ದೆಯ ಬಗ್ಗೆ ಮನೆಯವರ ಮಾತೆಲ್ಲ ಐಫೋನಿನವರದ್ದೇ ಒಂದು ಗುಂಪಿನಲ್ಲಿ ನಡೆದಿತ್ತಂತೆ, ಎಲ್ಲರೂ ಒಪ್ಪಿದ್ದರಂತೆ.

"ನಿಮ್ದ್ ಆಂಡ್ರಾಯ್ಡ್ ಅಲ್ದಾ ಅತ್ತೆ, ಆ ಗ್ರೂಪಿಗೆ ಸೇರ್ಸುಕಾಯ್ಲಿಲ್ಲ. ಇನ್ ಇದ್ರಲ್ಲ್ ನೀವೂ ಇರ್ತ್ರಿ."

ಆಮೇಲೆ ಕ್ಯಾಮೆರಾ ಹೊಗಳಿದ, ಭದ್ರತೆ ಹೊಗಳಿದ. ಕುಸುಮಕ್ಕ ಪಂಪಿನ ಆ್ಯಪ್ ಇದರಲ್ಲಿ ಬರುವುದಿಲ್ಲ ಎಂದರು. ತಲ್ಲೂರಿನ ಫೋನು ಅಂಗಡಿಯ ಭೋಜ ತಾವು ಚಾ ಕುಡಿದು ಮುಗಿಸುವಷ್ಟರಲ್ಲಿ ರಿಪೇರಿ ಮಾಡಿಕೊಡುತ್ತಾನೆ ಎಂದರು. ಕ್ಯಾಮೆರಾದಲ್ಲಿ ಅಜಿತ್ ಗೆದ್ದ, ಅದನ್ನು ನಾನೂ ಒಪ್ಪುತ್ತೇನೆ. ಆಗ ಅವರು ಮೆಲ್ಲಗೆ ಕೇಳಿದರು.

"ಇದ್ರಲ್ಲ್ ನಾನ್ ಸೇರುಕ್ ಮುಂಚಿನ ಮಾತ್ ಕಾಣತ್ತಾ?"

"ಇಲ್ಲ. ಸೇರ್ದ್ ಮೇಲಿಂದ್ ಮಾತ್ರ."

"ಅಂದ್ರೆ ಗದ್ದಿ ಹೋದ್ ಮೇಲಿಂದ್."

ಸಿಟ್ಟಿಗಿಂತ ಅವಮಾನವೇ ಹೆಚ್ಚಾಗಿತ್ತು ಕುಸುಮಕ್ಕನಿಗೆ. ಇಪ್ಪತ್ತೆರಡು ವರ್ಷ ಕೆಸರಿಗಿಳಿದವಳನ್ನು ಒಂದು ಮಾತೂ ಕೇಳದೆ ಬಿಟ್ಟಿದ್ದರು. ಕುಸುಮಕ್ಕ ಪೆಟ್ಟಿಗೆಯನ್ನು ಅಜಿತನತ್ತ ದೂಡಿದರು.

"ಗದ್ದಿ ಮಾತ್ ಆಡುದಾರೆ ಈ ಜಗಲಿ ಮೇಲ್ ಆಡಿ. ನಿನ್ ಅಪ್ಪಯ್ಯನಿಗೂ ಹೇಳ್."

"ಅಪ್ಪಯ್ಯ ಒಪ್ಪುದಿಲ್ಲ ಅತ್ತೆ."

"ಒಪ್ಪುದ್ ಬ್ಯಾಡ. ಬರ್ಲಿ."

ಮರುದಿನವೇ ನೆಲಗಡಲೆ ಬಿತ್ತಿದರು. ಹತ್ತು ದಿನ ಕಳೆದ ಮೇಲೆ ಮುಂಬೈಯ ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ಒಂದು ಫೋಟೋ ಹೋಯಿತು. ತುಸು ಮಸುಕು, ಆ ಫೋನಿನ ಕ್ಯಾಮೆರಾ ಅಷ್ಟೇ. ಆದರೂ ಸಾಲು ಸಾಲು ಹಸಿರು ಮೊಳಕೆ ಯಾರ ಕಣ್ಣಿಗೂ ಕಾಣುತ್ತಿತ್ತು. ಅಡಿಯಲ್ಲಿ ಬರೆದಿದ್ದರು: "ಹುಟ್ಟಿತ್. ಇನ್ ಲಾರಿ ಕಳ್ಸುದಾರೆ, ಮುಂದಿನ ಸೀಟಲ್ಲಿ ನೀವೇ ಕೂಕಂಡ್ ಬನ್ನಿ."

ರಾಜೀವಣ್ಣ ಬೈಂದೂರಿಗೆ ರೈಲಿನ ಟಿಕೇಟು ಮಾಡಿದ್ದಾರೆ. ಜಗಲಿ ಗುಡಿಸಿ ಇಟ್ಟಾಗಿದೆ.